ಬಗ್ ರಿಪೋರ್ಟ್ ಬರೆಯೋದು ಹೇಗೆ? ಸುಮ್ನೆ ‘ವರ್ಕ್ ಆಗ್ತಿಲ್ಲ’ ಅನ್ನಬೇಡಿ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಅಂಗಡಿ. ಡಿಟಿಪಿ, ಜೆರಾಕ್ಸ್, ಅರ್ಜಿ ಟೈಪಿಂಗ್, ಸೀಸನ್ ಬಂದರೆ ಮದುವೆ ಕಾರ್ಡು. ಪಕ್ಕದ ಮಳಿಗೆಯಲ್ಲಿ ಮೋಟಾರ್ ವೈಂಡಿಂಗ್. ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೇ ಅಲ್ಲಿ ಜನ ಸೇರುತ್ತಾರೆ, ನಾನು ಬಾಗಿಲು ತೆಗೆಯುವ ಹೊತ್ತಿಗೆ ನಾಲ್ಕು ಪಂಪ್‌ಸೆಟ್ ಮೋಟಾರು ಬಂದು ಮಲಗಿರುತ್ತವೆ. ದಿನಾ ಕಿವಿಗೆ ಬೀಳುವ ಮಾತು ಇದು:

‘ಅಣ್ಣ, ಮೋಟ್ರು ಕೆಟ್ಟೋಗದೆ.’

‘ಕೆಟ್ಟೋಗದೆ ಅಂದ್ರೆ ಏನಾಯ್ತದೆ ಹೇಳಪ್ಪ. ಸ್ವಿಚ್ ಹಾಕುದ್ರೆ ಗುಂಯ್ ಅಂತದಾ, ಇಲ್ಲ ಸದ್ದೇ ಇಲ್ವಾ? ಎಷ್ಟೊತ್ತು ಓಡಿ ನಿಂತೋಯ್ತದೆ? ಮೂರೂ ಫೇಸ್ ಇತ್ತಾ?’

ಬಗ್ ಅಂದರೆ ತಂತ್ರಾಂಶದೊಳಗಿನ ದೋಷ. ಓಪನ್ ಸೋರ್ಸ್ ತಂತ್ರಾಂಶದ, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶದ, ಬಗ್ ರಿಪೋರ್ಟ್ (ದೋಷದ ದೂರು) ಅಂದರೆ ಹೆಚ್ಚೂ ಕಡಿಮೆ ಇಷ್ಟೇ. ಒಂದೇ ವ್ಯತ್ಯಾಸ, ವೈಂಡಿಂಗ್ ಅಂಗಡಿಗೆ ಮೋಟಾರನ್ನೇ ಹೊತ್ತು ತರಬಹುದು. ನಿಮ್ಮ ಕಂಪ್ಯೂಟರನ್ನು ತಂತ್ರಾಂಶ ಬರೆದವರು ಕೂತಿರುವ ಜರ್ಮನಿಗೋ ಬ್ರೆಜಿಲ್‌ಗೋ ಹೊತ್ತುಕೊಂಡು ಹೋಗೋಕಾಗಲ್ಲ. ಹಾಗಾಗಿ ನಿಮ್ಮ ಮೆಷಿನ್‌ನಲ್ಲಿ ಆಗಿದ್ದು ಅವರ ಮೆಷಿನ್‌ನಲ್ಲೂ ಆಗುವ ಹಾಗೆ ಬರೆಯಬೇಕು. ಅವರ ಕಣ್ಣೆದುರು ಅದು ಒಮ್ಮೆ ಕೆಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಇದು ನನಗೆ ಗೊತ್ತಾಗಿದ್ದು ತಪ್ಪು ಮಾಡಿದ ಮೇಲೆ. ಅಂಗಡಿಯ ಎರಡೂ ಕಂಪ್ಯೂಟರ್‌ಗೆ ಲಿನಕ್ಸ್ ಅನ್ನುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡ ಹೊಸತು. ಒಂದು ಟ್ಯೂಷನ್ ಸೆಂಟರಿನವರು ಬ್ಯಾನರ್ ಮಾಡಿಸಲು ಬಂದರು. ಹುಡುಗಿಯ ಫೋಟೋ, ಕೆಳಗೆ ದೊಡ್ಡದಾಗಿ ‘ಪ್ರಥಮ ರ‍್ಯಾಂಕ್’. ಒಂದು ಚೆಂದದ ಉಚಿತ ಫಾಂಟ್ ಹಾಕಿದೆ. ‘ಪ್ರಥಮ’ ಸರಿ ಬಂತು. ‘ರ‍್ಯಾಂಕ್’ ಮಾತ್ರ ಒಡೆದುಕೊಂಡು ‘ರ್’ ಒಂದು ಕಡೆ, ‘ಯಾಂಕ್’ ಇನ್ನೊಂದು ಕಡೆ. ಸಿಟ್ಟು ಬಂತು. ನಾನು ಬಳಸುವ ಆಫೀಸ್ ತಂತ್ರಾಂಶದ ಬಗ್ ಪುಟಕ್ಕೆ ಹೋಗಿ ‘ಕನ್ನಡ ನಾಟ್ ವರ್ಕಿಂಗ್, ವೆರಿ ಅರ್ಜೆಂಟ್, ಪ್ಲೀಸ್ ಫಿಕ್ಸ್’ ಅಂತ ಬರೆದು ಬಂದೆ. ಎರಡು ದಿನಕ್ಕೆ ಉತ್ತರ ಬಂತು. ಯಾವ ಆವೃತ್ತಿ, ಯಾವ ಫಾಂಟ್, ಒಂದು ಫೈಲ್ ಕಳಿಸುತ್ತೀರಾ ಅಂತ. ಅರ್ಜೆಂಟ್ ಅಂದರೆ ಇವರು ನನ್ನನ್ನೇ ಪ್ರಶ್ನೆ ಕೇಳುತ್ತಾರಲ್ಲ ಅಂತ ಉತ್ತರ ಬರೆಯಲೇ ಇಲ್ಲ. ಕೆಲವು ತಿಂಗಳಾದ ಮೇಲೆ ಮಾಹಿತಿ ಸಾಲದು ಅಂತ ಮುಚ್ಚಿಬಿಟ್ಟರು. ಮುಚ್ಚಿದ್ದು ಸರಿಯೇ. ‘ಮೋಟ್ರು ಕೆಟ್ಟೋಗದೆ’ ಅಂತ ಹೇಳಿ ಎದ್ದು ಹೋದವನು ನಾನು.

ಸಹಾಯ ಬೇಕೋ, ದೂರು ಕೊಡಬೇಕೋ?

ಮೊದಲು ಇದನ್ನು ಬೇರೆ ಮಾಡಿಕೊಳ್ಳಿ. ‘ಪುಟದ ಸಂಖ್ಯೆ ಮೂರನೇ ಪುಟದಿಂದ ಶುರು ಮಾಡೋದು ಹೇಗೆ’ ಅನ್ನೋದು ಪ್ರಶ್ನೆ. ‘ಪುಟದ ಸಂಖ್ಯೆ ಹಾಕಿದ ಕೂಡಲೇ ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ’ ಅನ್ನೋದು ಬಗ್. ಎರಡಕ್ಕೂ ಜಾಗ ಬೇರೆ. ಲಿಬ್ರೆಆಫೀಸ್ ಅನ್ನುವ ಆಫೀಸ್ ತಂತ್ರಾಂಶಕ್ಕೆ ಪ್ರಶ್ನೆ ಕೇಳಲು ಆಸ್ಕ್ ಲಿಬ್ರೆಆಫೀಸ್ ಇದೆ, ಫೈರ್‌ಫಾಕ್ಸ್ ಬ್ರೌಸರ್‌ಗೆ ಮೊಜಿಲ್ಲಾ ಸಪೋರ್ಟ್, ಉಬುಂಟು ಅನ್ನುವ ಲಿನಕ್ಸ್‌ಗೆ ಆಸ್ಕ್ ಉಬುಂಟು. ಬಗ್ ಪಟ್ಟಿಗೆ ಹೋಗಿ ಪ್ರಶ್ನೆ ಕೇಳಿದರೆ ಅಲ್ಲಿರುವವರು ಕೋಡ್ ಬರೆಯೋದು ಬಿಟ್ಟು ನಿಮಗೆ ದಾರಿ ತೋರಿಸುತ್ತಾ ಕೂರಬೇಕಾಗುತ್ತದೆ. ಬಗ್ಗೋ ನನ್ನದೇ ತಪ್ಪೋ ಅಂತ ಅನುಮಾನ ಇದ್ದರೆ ಪ್ರಶ್ನೆ ಕೇಳುವ ಕಡೆಯೇ ಮೊದಲು ಹೋಗಿ. ಅಲ್ಲಿ ಯಾರಾದರೂ ‘ಹೌದು, ನನಗೂ ಹಾಗೇ ಆಗ್ತಿದೆ’ ಅಂದರೆ ಆಗ ದೂರು ಬರೆಯಿರಿ.

ಕೇಳುವಾಗ ‘ಯಾರಾದ್ರೂ ಇದೀರಾ, ಒಂದು ಡೌಟ್ ಇತ್ತು’ ಅಂತ ಬರೆದು ಕಾಯಬೇಡಿ. ಡೌಟನ್ನೇ ಬರೆಯಿರಿ. ಏನು ಮಾಡಲು ಹೊರಟಿದ್ದಿರಿ, ಏನೇನು ಪ್ರಯತ್ನ ಮಾಡಿ ಆಯಿತು, ಕೊನೆಗೆ ಯಾವ ಸಂದೇಶ ಬಂತು. ದೋಷದ ಸಂದೇಶವನ್ನು ಕಾಪಿ ಮಾಡಿ ಅಕ್ಷರದಲ್ಲೇ ಹಾಕಿ. ಮೊಬೈಲ್‌ನಲ್ಲಿ ಪರದೆಯ ಫೋಟೋ ಸೊಟ್ಟಗೆ ಹೊಡೆದು ಹಾಕಿದರೆ ಓದೋಕೂ ಆಗಲ್ಲ, ಇನ್ನೊಬ್ಬರು ಹುಡುಕಿದಾಗ ಸಿಗೋದೂ ಇಲ್ಲ. ಆಮೇಲೆ ಸಮಸ್ಯೆ ಬಗೆಹರಿದರೆ ಹೇಗೆ ಬಗೆಹರಿಯಿತು ಅಂತ ಅಲ್ಲೇ ಒಂದು ಸಾಲು ಬರೆಯಿರಿ. ‘ಸರಿಹೋಯ್ತು, ಥ್ಯಾಂಕ್ಸ್’ ಅಂತ ಮಾತ್ರ ಬರೆದು ಹೋದವರ ಮೇಲೆ ನನಗೆ ವಿಪರೀತ ಕೋಪ. ಎರಡು ವರ್ಷ ಬಿಟ್ಟು ಅದೇ ತೊಂದರೆಗೆ ಸಿಕ್ಕಿ ಹುಡುಕುತ್ತಾ ಬಂದವನಿಗೆ ಸಿಗೋದು ಆ ಥ್ಯಾಂಕ್ಸ್ ಒಂದೇ.

ಬಗ್ ಅಂತಲೇ ಗಟ್ಟಿಯಾದರೂ ಬರೆಯುವ ಮೊದಲು ಮೂರು ಕೆಲಸ ಇದೆ. ತಂತ್ರಾಂಶದ ಹೊಸ ಆವೃತ್ತಿ ಹಾಕಿ ನೋಡಿ, ಎಷ್ಟೋ ಸಲ ಆಗಲೇ ಸರಿ ಮಾಡಿರುತ್ತಾರೆ. ನಿಮ್ಮ ಸೆಟ್ಟಿಂಗ್‌ನದೇ ತೊಂದರೆಯಾ ನೋಡಿ: ಲಿಬ್ರೆಆಫೀಸ್‌ನ ಹೆಲ್ಪ್ ಮೆನುವಿನಲ್ಲಿ ಸೇಫ್ ಮೋಡ್ ಇದೆ, ಫೈರ್‌ಫಾಕ್ಸ್‌ನಲ್ಲಿ ಟ್ರಬಲ್‌ಶೂಟ್ ಮೋಡ್ ಇದೆ. ಅದರಲ್ಲಿ ತೊಂದರೆ ಕಾಣದಿದ್ದರೆ ತಪ್ಪು ಮೇಲಿಂದ ಸೇರಿಸಿಕೊಂಡ ಯಾವುದೋ ಆಡ್‌ಆನ್‌ನದ್ದೋ ನೀವು ಬದಲಿಸಿದ ಸೆಟ್ಟಿಂಗ್‌ನದ್ದೋ ಇರುತ್ತದೆ. ಮೂರನೆಯದು, ಬೇರೆ ಯಾರಾದರೂ ಮೊದಲೇ ದೂರು ಕೊಟ್ಟಿದ್ದಾರಾ ಹುಡುಕಿ. ಮುಚ್ಚಿರುವ ದೂರುಗಳಲ್ಲೂ ಹುಡುಕಿ.

ತಪ್ಪು ಯಾರದು?

ಇದು ಸ್ವಲ್ಪ ತಲೆ ಓಡಿಸಬೇಕಾದ ಭಾಗ, ಅದರಲ್ಲೂ ಕನ್ನಡ ಟೈಪ್ ಮಾಡುವ ನಮ್ಮಂಥವರಿಗೆ. ಒಂದು ಒತ್ತಕ್ಷರ ಪರದೆಗೆ ಬರುವ ಮೊದಲು ನಾಲ್ಕು ಕೈ ದಾಟಿ ಬರುತ್ತದೆ. ನೀವು ಕೀಲಿ ಒತ್ತಿದ್ದನ್ನು ಅಕ್ಷರ ಮಾಡುವುದು ಒಂದು, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಐಬಸ್ ಮತ್ತು ಅದರ ಜೊತೆಗಿನ ಎಂ17ಎನ್. ಆಮೇಲೆ ನೀವು ತೆರೆದಿರುವ ಪ್ರೋಗ್ರಾಂ. ಆಮೇಲೆ ಹಾರ್ಫ್‌ಬಜ್, ಅಂದರೆ ಯಾವ ಒತ್ತು ಎಲ್ಲಿ ಕೂರಬೇಕು ಅಂತ ಜೋಡಿಸುವ ತಂತ್ರಾಂಶ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಎಲ್ಲದರ ಒಳಗೂ ಇದೇ ಇದೆ. ಕೊನೆಗೆ ಫಾಂಟ್. ಈ ನಾಲ್ಕನ್ನೂ ಮಾಡುವವರು ಬೇರೆ ಬೇರೆ ಜನ, ದೂರಿನ ಪೆಟ್ಟಿಗೆಗಳೂ ಬೇರೆ.

ಪತ್ತೆ ಮಾಡೋದು ಕಷ್ಟವಿಲ್ಲ. ಅದೇ ಪದವನ್ನು ಅದೇ ಫಾಂಟ್‌ನಲ್ಲಿ ಎರಡು ಮೂರು ಪ್ರೋಗ್ರಾಂಗಳಲ್ಲಿ ನೋಡಿ. ಒಂದರಲ್ಲಿ ಮಾತ್ರ ಕೆಟ್ಟಿದ್ದರೆ ಆ ಪ್ರೋಗ್ರಾಂ ಮೇಲೆ ಅನುಮಾನ. ಎಲ್ಲದರಲ್ಲೂ ಕೆಟ್ಟಿದ್ದು ಫಾಂಟ್ ಬದಲಿಸಿದ ಕೂಡಲೇ ಸರಿಯಾದರೆ ಫಾಂಟ್‌ನದೇ ತಪ್ಪು. ಯಾವ ಫಾಂಟ್ ಹಾಕಿದರೂ, ಎಲ್ಲಿ ನೋಡಿದರೂ ಕೆಟ್ಟೇ ಕಾಣುತ್ತಿದ್ದರೆ ಟೈಪ್ ಆಗಿರುವ ಅಕ್ಷರಗಳನ್ನೇ ನೋಡಬೇಕು.

ಅದನ್ನು ಹೇಗೆ ನೋಡೋದು ಅಂದರೆ, ‘ರ‍್ಯಾ’ ಬರೆಯಲು ಒಳಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು, ಜೀರೋ ವಿಡ್ತ್ ಜಾಯ್ನರ್. ಅದಿಲ್ಲದೆ ರ, ಹಲಂತ, ಯ ಅಂತ ಬರೆದರೆ ಅರ್ಕಾವತ್ತು ಬರುತ್ತದೆ, ‘ಸೂರ್ಯ’ದಲ್ಲಿ ಬಂದ ಹಾಗೆ. ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿ) ಪ್ರಕಾರ ಈ ಜಾಯ್ನರ್ ರ ಆದ ಕೂಡಲೇ, ಹಲಂತಕ್ಕಿಂತ ಮೊದಲು ಬರಬೇಕು. ಹಳೆಯ ಫೈಲನ್ನು ಯೂನಿಕೋಡ್‌ಗೆ ಬದಲಿಸಿದಾಗ ಅದು ಹಲಂತದ ಆಚೆ ಹೋಗಿ ಕೂತಿರಬಹುದು. ಲಿಬ್ರೆಆಫೀಸ್ ರೈಟರ್‌ನಲ್ಲಿ ಅಕ್ಷರ ಮುಗಿದ ಕಡೆ ಕರ್ಸರ್ ಇಟ್ಟು ಆಲ್ಟ್ ಜೊತೆ ಎಕ್ಸ್ ಒತ್ತಿ, ಅಕ್ಷರದ ಬದಲು ಅದರ ಯೂನಿಕೋಡ್ ಸಂಖ್ಯೆ ಕಾಣುತ್ತದೆ. ಮತ್ತೆ ಒತ್ತಿದರೆ ವಾಪಸ್ ಅಕ್ಷರ. ಕಣ್ಣಿಗೆ ಒಂದೇ ಥರ ಕಂಡರೂ ಒಳಗೆ ಬೇರೆ ಇರಬಹುದು ಅನ್ನೋದಕ್ಕೇ ಬರೀ ಚಿತ್ರ ಕಳಿಸಿದರೆ ಸಾಲದು, ಫೈಲೂ ಬೇಕು ಅಂತ ಅವರು ಕೇಳೋದು.

ನನ್ನ ಬ್ಯಾನರ್ ವಿಷಯಕ್ಕೆ ಬಂದರೆ, ಅಕ್ಷರ ಸರಿಯಾಗಿಯೇ ಇತ್ತು. ನೋಟೊ ಸಾನ್ಸ್ ಕನ್ನಡ ಹಾಕಿದೆ, ಸರಿ ಬಂತು. ಗುಬ್ಬಿ ಫಾಂಟ್ ಹಾಕಿದೆ, ಅದೂ ಸರಿ. ಮತ್ತೆ ಆ ಚೆಂದದ ಫಾಂಟ್ ಹಾಕಿ ಸಣ್ಣ ಅಕ್ಷರದಲ್ಲಿ ಬರೆದರೆ ಅಲ್ಲೂ ಸರಿ! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ಬ್ಯಾನರ್‌ನಲ್ಲಿ ದಪ್ಪಕ್ಷರ ಮಾಡಿದ್ದೆ. ದಪ್ಪಕ್ಷರಕ್ಕೆ ಬೇರೆ ಫೈಲ್ ಇರುತ್ತದೆ, ಆ ಫೈಲಿನಲ್ಲಿ ಮಾತ್ರ ಈ ಒತ್ತಿನ ನಿಯಮ ಬಿಟ್ಟುಹೋಗಿತ್ತು. ಅಲ್ಲಿಗೆ ನಾನು ಬೈದ ಆಫೀಸ್ ತಂತ್ರಾಂಶದವರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಎಲ್ಲಿ ಬರೆಯಬೇಕು ಅನ್ನೋದನ್ನು ಬೇಗ ಹೇಳಿಬಿಡುತ್ತೇನೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಕೆಡಿಇ (ಲಿನಕ್ಸ್‌ನ ಒಂದು ಡೆಸ್ಕ್‌ಟಾಪ್) ಮೂರಕ್ಕೂ ಬಗ್‌ಜಿಲ್ಲಾ ಅನ್ನುವ ದೂರಿನ ಪಟ್ಟಿ. 1998ರಲ್ಲಿ, ಈಗ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಹೊರತಂದ ಹಳೇ ಗಟ್ಟಿ ಮಾಲು, ನೋಡಲು ಸರ್ಕಾರಿ ಫಾರಂ ಥರ ಇದೆ, ಹೆದರಬೇಡಿ. ಗ್ನೋಮ್ (ಇದೂ ಡೆಸ್ಕ್‌ಟಾಪ್), ಫೋಟೋ ತಿದ್ದುವ ಗಿಂಪ್, ಚಿತ್ರ ಬರೆಯುವ ಇಂಕ್‌ಸ್ಕೇಪ್ ಎಲ್ಲಾ ಗಿಟ್‌ಲ್ಯಾಬ್‌ನಲ್ಲಿ. ಹಾರ್ಫ್‌ಬಜ್ ಮತ್ತು ಬಹಳಷ್ಟು ಫಾಂಟ್‌ಗಳು ಗಿಟ್‌ಹಬ್‌ನಲ್ಲಿ. ಎರಡೂ ಕೋಡ್ ಇಟ್ಟು ದೂರು ಪಡೆಯುವ ಜಾಲತಾಣಗಳು. ಉಬುಂಟುವಿನ ಪ್ಯಾಕೇಜ್‌ನದೇ (ಉಬುಂಟುವಿನವರು ಕಟ್ಟಿಕೊಟ್ಟ ತಂತ್ರಾಂಶದ್ದೇ) ತೊಂದರೆಯಾದರೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ಉಬುಂಟು-ಬಗ್ ಅನ್ನುವ ಕಮಾಂಡ್ ಕೊಟ್ಟು ಪ್ಯಾಕೇಜ್ ಹೆಸರು ಬರೆದರೆ ಮಾಹಿತಿಯನ್ನು ಅದೇ ಕೂಡಿಸಿಕೊಂಡು ಉಬುಂಟುವಿನ ದೂರಿನ ತಾಣ ಲಾಂಚ್‌ಪ್ಯಾಡ್‌ಗೆ ಕರೆದುಕೊಂಡು ಹೋಗುತ್ತದೆ. ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್‌ನಲ್ಲಿ ರಿಪೋರ್ಟ್‌ಬಗ್ ಅಂತಿದೆ, ಅವರದೆಲ್ಲಾ ಇಮೇಲ್ ವ್ಯವಹಾರ. ಇನ್ನು ಮೆನುವಿನಲ್ಲಿ ಕನ್ನಡ ಪದವೇ ತಪ್ಪಾಗಿದ್ದರೆ ಅದೂ ಒಂದು ಬಗ್, ಆದರೆ ಅದಕ್ಕೆ ದೂರು ಬರೆಯುವ ಬದಲು ನೀವೇ ತಿದ್ದಬಹುದು. ಅನುವಾದಕ್ಕೇ ಇರುವ ತಾಣಗಳು, ಫೈರ್‌ಫಾಕ್ಸ್‌ಗೆ ಪಾಂಟೂನ್, ಲಿಬ್ರೆಆಫೀಸ್‌ಗೆ ವೆಬ್‌ಲೇಟ್. ಕೋಡ್ ಬರಬೇಕಾಗಿಲ್ಲ, ಕನ್ನಡ ಬಂದರೆ ಸಾಕು.

ಬರೆಯುವುದು

ನಾನು ಎರಡನೇ ಸಲ, ಈ ಬಾರಿ ಫಾಂಟ್‌ನವರಿಗೆ, ಬರೆದದ್ದು ಹೆಚ್ಚೂ ಕಡಿಮೆ ಹೀಗಿತ್ತು. ಬರೆದದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ:

ಶೀರ್ಷಿಕೆ: ಕನ್ನಡ: ದಪ್ಪಕ್ಷರದಲ್ಲಿ ಮಾತ್ರ ರ ಅಕ್ಷರಕ್ಕೆ ಯ ಒತ್ತು ಕೂರುತ್ತಿಲ್ಲ
1. ಜೊತೆಗಿರುವ ಫೈಲ್ ತೆರೆಯಿರಿ. ಅದರಲ್ಲಿ ಒಂದೇ ಪದ ಇದೆ.
2. ಪದವನ್ನು ಆಯ್ಕೆ ಮಾಡಿ ನಿಮ್ಮ ಫಾಂಟ್ ಹಾಕಿ. ಸರಿಯಾಗಿ ಕಾಣುತ್ತದೆ.
3. ಈಗ ದಪ್ಪ ಮಾಡಿ.
ಆಗುತ್ತಿರುವುದು: ರ ಮತ್ತು ಯ ಬೇರೆ ಬೇರೆ ಆಗುತ್ತವೆ. ಎಡಗಡೆಯ ಚಿತ್ರ, ಕೆಂಪು ಗೆರೆ ಹಾಕಿದ ಜಾಗ.
ಆಗಬೇಕಿದ್ದದ್ದು: ಯ ಒತ್ತು ರ ಅಕ್ಷರದ ಕೆಳಗೆ ಬಲಕ್ಕೆ ಕೂರಬೇಕು. ಬಲಗಡೆಯ ಚಿತ್ರ, ಬೇರೆ ಫಾಂಟ್‌ನದು.
ಪ್ರತಿ ಸಲವೂ ಆಗುತ್ತದೆ. ಮೂರು ಪ್ರೋಗ್ರಾಂಗಳಲ್ಲಿ ನೋಡಿದೆ, ಆವೃತ್ತಿಗಳು ಕೆಳಗಿವೆ.

ಶೀರ್ಷಿಕೆಯಲ್ಲಿ ‘ಅರ್ಜೆಂಟ್’, ‘ಪ್ಲೀಸ್’ ಇಲ್ಲ ನೋಡಿ. ನೂರಾರು ದೂರಿನ ಪಟ್ಟಿಯಲ್ಲಿ ಅವರ ಕಣ್ಣಿಗೆ ಬೀಳೋದು ಆ ಒಂದು ಸಾಲು. ಆವೃತ್ತಿಯನ್ನು ಕೈಯಲ್ಲಿ ಬರೆಯಬೇಡಿ, ಲಿಬ್ರೆಆಫೀಸ್‌ನ ಅಬೌಟ್ ಕಿಟಕಿಯಲ್ಲಿ ಕಾಪಿ ಮಾಡುವ ಗುಂಡಿ ಇದೆ, ಫೈರ್‌ಫಾಕ್ಸ್‌ನ ಟ್ರಬಲ್‌ಶೂಟಿಂಗ್ ಮಾಹಿತಿ ಪುಟದಲ್ಲೂ ಇದೆ. ಒಂದು ದೂರಿಗೆ ಒಂದೇ ಬಗ್. ಸಿಕ್ಕಿದ ಅವಕಾಶ ಅಂತ ಮನಸ್ಸಿನಲ್ಲಿರೋದನ್ನೆಲ್ಲಾ ಒಂದೇ ಕಡೆ ಸುರಿದರೆ ಒಂದು ಸರಿಯಾದಾಗ ಅದನ್ನು ಮುಚ್ಚೋದೋ ಬೇಡವೋ ಅಂತ ಯಾರಿಗೂ ಗೊತ್ತಾಗಲ್ಲ.

ಚಿತ್ರಕ್ಕೆ ಕೆಂಪು ಗೆರೆ ಯಾಕೆ ಅಂದರೆ, ಓದುವವರಿಗೆ ಕನ್ನಡ ಬರಲ್ಲ. ನಮಗೆ ಆ ಪದ ನೋಡಿದ ಕೂಡಲೇ ಕಣ್ಣು ಚುಚ್ಚುತ್ತದೆ, ಅವರಿಗೆ ಎರಡೂ ಜಿಲೇಬಿಯೇ. ತಪ್ಪು ಇಲ್ಲಿದೆ, ಸರಿ ಹೀಗಿರುತ್ತದೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬೇಕು. ಕನ್ನಡದ ದೂರು ಬರೆಯುವವರು ಜಾಸ್ತಿ ಮರೆಯೋದು ಇದನ್ನೇ.

ಇಂಗ್ಲಿಷಿನ ಬಗ್ಗೆ ಹೆದರಿಕೆ ಬೇಡ. ನನ್ನದು ಸರ್ಕಾರಿ ಶಾಲೆಯ ಇಂಗ್ಲಿಷ್, ‘ಓಪನ್ ಫೈಲ್, ಸೆಲೆಕ್ಟ್ ವರ್ಡ್, ಮೇಕ್ ಬೋಲ್ಡ್’ ಅಂತಲೇ ಬರೆದೆ, ಯಾರೂ ನಗಲಿಲ್ಲ. ತಂತ್ರಾಂಶ ಬರೆಯುವವರ ಪೈಕಿ ಎಷ್ಟೋ ಜನರಿಗೆ ಇಂಗ್ಲಿಷ್ ಮನೆಮಾತಲ್ಲ. ಉದ್ದದ ಪತ್ರಕ್ಕಿಂತ ಇಂಥ ತುಂಡು ಸಾಲೇ ಅವರಿಗೂ ಸುಲಭ.

ಒಂದು ಎಚ್ಚರಿಕೆ, ಇದನ್ನು ಮಾತ್ರ ತಪ್ಪಿಸಬೇಡಿ. ಬಗ್ ಪುಟಕ್ಕೆ ಹಾಕಿದ ಫೈಲನ್ನು ಸಾಮಾನ್ಯವಾಗಿ ಇಡೀ ಲೋಕವೇ ನೋಡಬಹುದು. ನಮ್ಮಂಥ ಅಂಗಡಿಯಲ್ಲಿ ಫೈಲ್ ಅಂದರೆ ಯಾರದೋ ಆಧಾರ್ ನಂಬರ್, ಯಾರದೋ ಪಹಣಿ, ಬ್ಯಾಂಕ್ ಪಾಸ್‌ಬುಕ್, ವಿಚ್ಛೇದನದ ಅರ್ಜಿ. ಗಿರಾಕಿಯ ಫೈಲನ್ನು ಹಾಗೇ ಎತ್ತಿ ಹಾಕಬಾರದು. ಕಾಪಿ ತೆಗೆದುಕೊಂಡು ಒಂದೊಂದೇ ಭಾಗ ಅಳಿಸುತ್ತಾ ಹೋಗಿ, ಪ್ರತಿ ಸಲ ತೊಂದರೆ ಇನ್ನೂ ಇದೆಯಾ ನೋಡಿ, ಕೊನೆಗೆ ತೊಂದರೆ ಕೊಡುವ ಒಂದು ಸಾಲು ಉಳಿಯುತ್ತದೆ. ಹೆಸರಿದ್ದರೆ ಬೇರೆ ಹೆಸರು ಹಾಕಿ. ಇದರಿಂದ ಗುಟ್ಟೂ ಉಳಿಯುತ್ತದೆ, ಅವರಿಗೂ ಹುಡುಕುವ ಕೆಲಸ ಕಡಿಮೆಯಾಗುತ್ತದೆ. ಫೈಲಿನ ಪ್ರಾಪರ್ಟೀಸ್ ಒಳಗೂ ಹೆಸರು ಕೂತಿರುತ್ತದೆ, ಅದನ್ನೂ ತೆಗೆಯಿರಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಹಿಂದೆ ವಾಟ್ಸಾಪ್ ತೆರೆದಿಲ್ಲ ತಾನೇ?

ಬೀಗ ಮುರಿಯುವಂಥ ಬಗ್ ಸಿಕ್ಕರೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಬಹುದು, ಬೇರೆಯವರ ಮಾಹಿತಿ ಕಾಣುತ್ತದೆ, ಇಂಥದ್ದು, ಅದನ್ನು ಎಲ್ಲರಿಗೂ ಕಾಣುವ ಕಡೆ ಬರೆಯಬೇಡಿ. ಭದ್ರತೆಯ ದೂರಿಗೆ ಗುಟ್ಟಾದ ದಾರಿ ಬೇರೆ ಇರುತ್ತದೆ, ಯೋಜನೆಯ ಪುಟದಲ್ಲಿ ಸೆಕ್ಯುರಿಟಿ ಅಂತ ಹುಡುಕಿ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರೌಂಡ್ ಅನ್ನುವ ಡೆವಲಪರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್ ಒಳಗೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ಜಾಸ್ತಿ ಹೊತ್ತು ಹಿಡಿಯುತ್ತಿದೆ ಅನ್ನಿಸಿತು. ಬರೀ ಅರ್ಧ ಸೆಕೆಂಡ್. ಬಿಡದೆ ಬೆನ್ನು ಹತ್ತಿ ಹೋದರೆ, ಎಕ್ಸ್‌ಜೆಡ್ ಅನ್ನುವ, ಫೈಲ್ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಕಳ್ಳಬಾಗಿಲು ಇಟ್ಟಿದ್ದರು. ಫ್ರೌಂಡ್ ಮೊದಲು ಡೆಬಿಯನ್‌ನ ಭದ್ರತಾ ತಂಡದಂಥವರಿಗೆ ಗುಟ್ಟಾಗಿ ತಿಳಿಸಿ, ಆಮೇಲೆ 29ನೇ ತಾರೀಖು ಎಲ್ಲರಿಗೂ ಹೇಳಿದರು.

ಕಳಿಸಿದ ಮೇಲೆ

ಕಾಯಬೇಕು. ಎಷ್ಟೋ ಓಪನ್ ಸೋರ್ಸ್ ತಂತ್ರಾಂಶಗಳು ಬಳಸುವ ಜಿಪಿಎಲ್ ಲೈಸೆನ್ಸ್‌ನಲ್ಲೇ ಬರೆದಿದೆ, ಯಾವ ವಾರಂಟಿಯೂ ಇಲ್ಲ ಅಂತ. ಎಷ್ಟೋ ತಂತ್ರಾಂಶಗಳನ್ನು ಆಫೀಸ್ ಕೆಲಸ ಮುಗಿಸಿ ಬಂದು ರಾತ್ರಿ ಕೂತು ನೋಡಿಕೊಳ್ಳುವವರು ಒಬ್ಬರೋ ಇಬ್ಬರೋ. ಎಕ್ಸ್‌ಜೆಡ್ ವಿಷಯದಲ್ಲೂ ಆಗಿದ್ದು ಅದೇ: ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಯಾಕೆ ಲೇಟು, ಬೇರೆಯವರಿಗೆ ಬಿಟ್ಟುಕೊಡಿ ಅಂತ ಅನುಮಾನದ ಖಾತೆಗಳಿಂದ ಅವರನ್ನು ಪೀಡಿಸಿದ್ದರು. ಆದ್ದರಿಂದ ‘ಏನಾಯ್ತು’, ‘ಎನಿ ಅಪ್‌ಡೇಟ್’ ಅಂತ ವಾರಕ್ಕೊಂದು ಸಲ ಬರೆಯಬೇಡಿ. ಬೇರೆಯವರ ದೂರೇ ನಿಮ್ಮದೂ ಆಗಿದ್ದರೆ ‘ನನಗೂ’ ಅಂತ ಬರೆಯದೆ, ಗಿಟ್‌ಹಬ್‌ನಲ್ಲಾದರೆ ಹೆಬ್ಬೆರಳು ಒತ್ತಿ, ಬಗ್‌ಜಿಲ್ಲಾದಲ್ಲಾದರೆ ಸಿಸಿ ಪಟ್ಟಿಗೆ (ಸುದ್ದಿ ಇಮೇಲ್‌ನಲ್ಲಿ ಪಡೆಯುವವರ ಪಟ್ಟಿಗೆ) ಸೇರಿಕೊಳ್ಳಿ. ಹೊಸ ಮಾಹಿತಿ ಇದ್ದರೆ ಮಾತ್ರ ಬರೆಯಿರಿ.

ದೂರಿನ ಮೇಲೆ ಬೀಳುವ ಮುದ್ರೆಗಳ ಅರ್ಥ ತಿಳಿದಿರಲಿ. ‘ಅನ್‌ಕನ್‌ಫರ್ಮ್ಡ್’ ಅಂದರೆ ಇನ್ನೂ ಯಾರೂ ಮಾಡಿ ನೋಡಿಲ್ಲ. ‘ನ್ಯೂ’ ಅಂದರೆ ಲಿಬ್ರೆಆಫೀಸ್‌ನಲ್ಲಿ ಹೊಸದು ಅಂತಲ್ಲ, ಇನ್ನೊಬ್ಬರಿಗೂ ಹಾಗೇ ಆಯಿತು ಅಂತ, ಖುಷಿಪಡಿ. ‘ನೀಡ್‌ಇನ್ಫೋ’ ಅಂದರೆ ಚೆಂಡು ನಿಮ್ಮ ಅಂಗಳದಲ್ಲಿದೆ, ನನ್ನ ಹಾಗೆ ಮುನಿಸಿಕೊಂಡು ಕೂರಬೇಡಿ. ‘ಡ್ಯೂಪ್ಲಿಕೇಟ್’ ಅಂದರೆ ಅವಮಾನವಲ್ಲ, ಹಳೆಯ ದೂರಿಗೆ ನಿಮ್ಮದೂ ಸೇರಿತು. ‘ವೋಂಟ್‌ಫಿಕ್ಸ್’ ಅಂದರೆ ಮಾಡಲ್ಲ. ಒಂದು ಸಲ ಕಾರಣ ಕೊಟ್ಟು ವಾದಿಸಬಹುದು, ಎರಡನೇ ಸಲ ಬೇಡ. ಡೆಬಿಯನ್‌ನಲ್ಲಿ ತೀವ್ರತೆಗೆ ಏಳು ಹಂತ ಇದೆ, ಕ್ರಿಟಿಕಲ್‌ನಿಂದ ವಿಶ್‌ಲಿಸ್ಟ್‌ವರೆಗೆ. ನನ್ನ ಬ್ಯಾನರ್ ನನಗೆ ಕ್ರಿಟಿಕಲ್ಲೇ, ಆದರೆ ಅಲ್ಲಿ ಆ ಪದ ಇಡೀ ಸಿಸ್ಟಮ್ ಕೆಡುವಂಥದ್ದಕ್ಕೆ. ಇನ್ನು ಎಷ್ಟು ದಿನ ಕಾಯಬೇಕು ಅಂತ ಕೇಳಿದರೆ, ಉಬುಂಟುವಿನ ಒಂದನೇ ನಂಬರ್ ಬಗ್ ನೋಡಿ. 2004ರಲ್ಲಿ ಉಬುಂಟು ಶುರು ಮಾಡಿದ ಮಾರ್ಕ್ ಶಟಲ್‌ವರ್ತ್ ಬರೆದದ್ದು, ಮಾರುಕಟ್ಟೆಯಲ್ಲಿ ಮೈಕ್ರೋಸಾಫ್ಟ್‌ನದೇ ದೊಡ್ಡ ಪಾಲು ಅನ್ನುವುದೇ ಬಗ್ ಅಂತೆ! ಅದನ್ನು ಮುಚ್ಚಿದ್ದು 2013ರಲ್ಲಿ.

ಫಾಂಟ್‌ನವರಿಂದ ನನಗೆ ಉತ್ತರ ಬರಲು ಆರು ವಾರ ಹಿಡಿಯಿತು. ಮೂರು ಸಾಲಿನ ತಿದ್ದುಪಡಿ. ಹೊಸ ಫೈಲ್ ಹಾಕಿ ನೋಡುತ್ತೀರಾ ಅಂದರು. ಈ ಹೆಜ್ಜೆಯನ್ನು ಬಿಡಬೇಡಿ, ಕನ್ನಡ ಓದಿ ಸರಿಯಾಗಿದೆ ಅಂತ ಹೇಳಬಲ್ಲವರು ಆ ಕಡೆ ಇಲ್ಲದೇ ಇರಬಹುದು. ನಾನು ‘ರ‍್ಯಾಂಕ್’ ಒಂದೇ ನೋಡಿ ಹೂಂ ಅನ್ನಲಿಲ್ಲ. ‘ರ‍್ಯಾಲಿ’ ಬರೆದೆ, ‘ಸೂರ್ಯ’ದ ಅರ್ಕಾವತ್ತು ಕೆಟ್ಟಿಲ್ಲ ತಾನೇ ಅಂತ ನೋಡಿದೆ, ‘ಕರ್ನಾಟಕ’ ನೋಡಿದೆ, ದಪ್ಪ, ಓರೆ, ಎರಡೂ. ಒಂದನ್ನು ಸರಿ ಮಾಡಲು ಹೋಗಿ ಇನ್ನೊಂದು ಕೆಡೋದು ವೈಂಡಿಂಗ್ ಅಂಗಡಿಯಲ್ಲೂ ಉಂಟು. ಎಲ್ಲಾ ಸರಿಯಿದೆ ಅಂತ ಬರೆದು ಚಿತ್ರ ಹಾಕಿದೆ. ಮಾರನೇ ದಿನ ದೂರು ಮುಚ್ಚಿದರು. ಟ್ಯೂಷನ್ ಸೆಂಟರಿನ ಬ್ಯಾನರನ್ನು ಅಷ್ಟು ಹೊತ್ತಿಗೆ ಬೇರೆ ಫಾಂಟ್‌ನಲ್ಲಿ ಹೊಡೆದು ಕೊಟ್ಟು, ದುಡ್ಡೂ ಇಸ್ಕೊಂಡು ಆಗಿತ್ತು.